ಬೀರುವಿನ ಹಿಂದಿನ ಕೇರಂ ಬೋರ್ಡು

ನಾನು ಓದಿದ್ದು ಬಾಯಿ ಮುಚ್ಚಿಸುವ ವಿದ್ಯೆ ಎಂದು ಅಮ್ಮ ನೆಂಟರಿಗೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ. ರಕ್ತದಲ್ಲಿ ಕಾವಲು ಕಾಯುವ ಟಿ ಕೋಶಗಳು ತಮ್ಮೊಳಗಿನ ಕೆಲವು ಜೀನುಗಳನ್ನು ಹೇಗೆ ಸುಮ್ಮನಾಗಿಸುತ್ತವೆ ಎಂಬುದೇ ನನ್ನ ಸಂಶೋಧನೆ. ಮನೆಯಲ್ಲಿ ಅಮ್ಮನನ್ನು ಸುಮ್ಮನಾಗಿಸಲು ಮಾತ್ರ ಇದುವರೆಗೆ ಆಗಿಲ್ಲ.

ಹೋದ ವರ್ಷ ಅಮ್ಮನ ಬೆರಳಿನ ಗೆಣ್ಣುಗಳು ಊದಿಕೊಂಡವು. ಕಾವಲಿನ ಕೋಶಗಳೇ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬಿದ್ದಿದ್ದವು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮಾತ್ರೆಗೆ ನೋವು ಇಳಿಯಿತು. "ದಿನಾ ಬೆರಳು ಆಡಿಸಿ, ಇಲ್ದಿದ್ರೆ ಹೀಗೇ ಸೆಟೆದು ನಿಂತುಬಿಡ್ತವೆ" ಎಂದರು ಡಾಕ್ಟರು. ಅವರು ಹೇಳಿದ ರಬ್ಬರ್ ಚೆಂಡನ್ನು ಅಮ್ಮ ಫ್ರಿಜ್ ಮೇಲಿಟ್ಟು ಮರೆತಳು. ಕಾಫಿ ಲೋಟಕ್ಕೆ ಅವಳು ಎರಡೂ ಕೈ ಒಡ್ಡುವುದನ್ನು ನೋಡಿದಾಗೆಲ್ಲ ನನಗೆ ಭಯವಾಗುತ್ತಿತ್ತು.

ಆಗ ನೆನಪಾದದ್ದು ಕೇರಂ ಬೋರ್ಡು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ಅಮ್ಮ ಅಲ್ಲಿನ ಲೇಡೀಸ್ ಕ್ಲಬ್ಬಿನಲ್ಲಿ ಯಾರಿಗೂ ಸೋತವಳಲ್ಲವಂತೆ. ಮದುವೆಯಾಗಿ ಪಕ್ಕದ ಬೀದಿಗೆ ಬಂದಾಗ ಬಹುಮಾನದ ಬೋರ್ಡೂ ಜೊತೆಗೆ ಬಂತು. "ಸೊಸೆ ಆಟಕ್ಕೆ ಕೂತ್ರೆ ಒಲೆ ಮುನಿಸ್ಕೊಳ್ಳುತ್ತೆ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು ನನ್ನ ಅಜ್ಜಿ, ಅಪ್ಪನ ತಾಯಿ. ಅಮ್ಮ ಬೋರ್ಡನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಬೀರುವಿನ ಹಿಂದೆ ಸೇರಿಸಿದಳು. ನಾನು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡರು. ಗಂಟನ್ನು ಯಾರೂ ಬಿಚ್ಚಲಿಲ್ಲ. ನಾವು ಶಿವಮೊಗ್ಗಕ್ಕೆ ಬಂದಾಗ ಅದು ಲಾರಿಯಲ್ಲಿ ಹಾಗೆಯೇ ಬಂದು, ಇಲ್ಲಿನ ಗೋಪಾಳ ಬಡಾವಣೆಯ ಮನೆಯಲ್ಲೂ ಬೀರುವಿನ ಹಿಂದೆಯೇ ಸೇರಿತು.

ಆ ಗಂಟನ್ನು ಹೊರಗೆಳೆದು ಅಮ್ಮನ ಮುಂದಿಟ್ಟು, "ಕೋಶದಲ್ಲೂ ಹೀಗೇ ಅಮ್ಮ," ಎಂದೆ. "ಮೊದಲು ಒಂದು ಪ್ರೋಟೀನು ಬಂದು ಜೀನಿನ ಬಾಗಿಲಲ್ಲಿ ಕೂತು, ಇದನ್ನ ಓದಬೇಡಿ ಅನ್ನುತ್ತೆ. ಆಮೇಲೆ ಅದರ ಕಡೆಯವರು ಬಂದು ಜೀನನ್ನ ಬಿಗಿಯಾಗಿ ಸುತ್ತಿ, ಗುರುತು ಹಾಕಿ ಮುಚ್ಚಿಡ್ತಾರೆ. ಬೇಡ ಅಂದವರು ಎದ್ದು ಹೋದ್ರೂ ಗಂಟು ಹಾಗೇ ಇರುತ್ತೆ. ಕೋಶ ಒಡೆದು ಎರಡಾದ್ರೆ ಮರಿಗೂ ಅದೇ ಗಂಟು."

"ನಿಮ್ಮಜ್ಜೀನ ಪ್ರೋಟೀನು ಮಾಡ್ಬಿಟ್ಯಲ್ಲೇ ಮಾರಾಯ್ತಿ. ಎಲ್ಲಾ ಗಂಟೂ ಬಿಚ್ಚಿದ್ರೆ ಒಳ್ಳೇದಾ?"

"ಇಲ್ಲ. ಕೆಲವು ಮುಚ್ಚಿರಲೇಬೇಕು. ಇಲ್ದಿದ್ರೆ ಕೋಶ ತನ್ನ ಕೆಲಸಾನೇ ಮರೆಯುತ್ತೆ."

"ಹಾಗಾದ್ರೆ ಇದೊಂದನ್ನ ಬಿಚ್ಚು," ಎಂದಳು.

ಬಿಚ್ಚಿದೆ. ಗಾಂಧಿ ಬಜಾರಿನಿಂದ ಬೋರ್ಡಿಗೆ ಹಾಕುವ ಪೌಡರನ್ನು ಮೊದಲೇ ತಂದಿಟ್ಟಿದ್ದೆ. ಮಗಳ ಸಂಚು ಕಂಡು ಅಮ್ಮ ಮೂಗು ಮುರಿದರೂ ಬೋರ್ಡಿನ ಮುಂದೆ ಬಂದು ಕೂತಳು. ಸ್ಟ್ರೈಕರಿನ ಹಿಂದೆ ಸೊಟ್ಟ ಬೆರಳನ್ನಿಟ್ಟು, ಹೊಡೆಯುವ ಮೊದಲು ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಈ ಮನೆಗೆ ಅಜ್ಜಿ ಕಾಲಿಟ್ಟವರೇ ಅಲ್ಲ.

ಯಾರನ್ನ ನೋಡ್ತಿದ್ದೀಯ ಎಂದು ರೇಗಿಸಲು ಬಾಯಿ ತೆರೆದೆ. ಆಗ ತಿಳಿಯಿತು, ನಾನೂ ಅತ್ತಲೇ ನೋಡುತ್ತಿದ್ದೆ. ಅಜ್ಜಿಯ ಮುಖವನ್ನೇ ಕಾಣದ ನಾನು ಈ ವಯಸ್ಸಿನವರೆಗೆ ಆ ಬೋರ್ಡನ್ನು ಮುಟ್ಟಿರಲಿಲ್ಲ.

ಅಮ್ಮನ ಬೆರಳು ಚಿಮ್ಮಿತು. ಸ್ಟ್ರೈಕರ್ ಅರ್ಧ ದಾರಿಗೇ ನಿಂತಿತು.

"ಇನ್ನೊಂದ್ಸಲ," ಎಂದಳು. "ನೀನೇನು ನಿಂತೇ ಇದ್ದೀಯ? ಕೂತ್ಕೊಳೇ."