ಮಡಚಿಟ್ಟ ಸಿನಿಮಾಗಳು

ತಮ್ಮಂದಿರು, ತಂಗಿಯರು ಅವಳನ್ನು ಚಿಕ್ಕಂದಿನಲ್ಲೇ ‘ಚಡಪಡಕ್ಕ’ ಎಂದು ಕರೆದಿದ್ದರು. ಹಾಕಿದ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡದೆ ಮನೆಯಿಂದ ಹೊರಡುವವಳಲ್ಲ. ಮುಂದೆ ಸಿಕ್ಕ ಕೆಲಸವೂ ಆ ಸ್ವಭಾವಕ್ಕೆ ತುಪ್ಪ ಸುರಿಯುವಂಥದ್ದೇ: ಹಳೆಯ ಸಿನಿಮಾ ರೀಲುಗಳನ್ನು ಸ್ಕ್ಯಾನ್ ಮಾಡಿ ಕಾಪಾಡುವ ಕಚೇರಿ.

ರೀಲಿನ ಒಂದೊಂದು ಚೌಕಟ್ಟೂ ಅಲ್ಲಿ ಒಂದೊಂದು ದೊಡ್ಡ ಚಿತ್ರವಾಗುತ್ತಿತ್ತು. ಒಂದೇ ಸಿನಿಮಾಕ್ಕೆ ಡಿಸ್ಕುಗಳ ಸಾಲು ಬೇಕು. ಕಪಾಟುಗಳು ತುಂಬಿ, ಡಿಸ್ಕುಗಳು ಅವಳ ಮೇಜಿನ ಕೆಳಗೂ ಬಂದು ಕೂತಾಗ ಮ್ಯಾನೇಜರ್ ಬಂದರು.

“ನೋಡೋಕೆ ಸಾಕಾಗೋಷ್ಟು ಚಿಕ್ಕ ಕಾಪಿ ಇಟ್ಕೊಂಡು ದೊಡ್ಡದನ್ನ ಅಳಿಸಿಬಿಡಿ ಮೇಡಂ. ಭೂತಗನ್ನಡಿ ಹಿಡ್ಕೊಂಡು ಸಿನಿಮಾ ಯಾರು ನೋಡ್ತಾರೆ?”

“ಮುಂದೆ ಯಾರಾದ್ರೂ ಬೇಕು ಅಂದ್ರೆ ಎಲ್ಲಿಂದ ತರೋದು ಸರ್? ರೀಲುಗಳೇ ಕೆಟ್ಟು ಹುಳಿ ವಾಸನೆ ಹೊಡೀತಿವೆ. ಬಟ್ಟೆ ಮಡಚಿಡೋ ಹಾಗೆ ಈ ದೊಡ್ಡ ಚಿತ್ರಗಳನ್ನೂ ಕಂಪ್ಯೂಟರಲ್ಲೇ ಮಡಚಿಡಬಹುದು. ಒಂದು ನೂಲೂ ಹೋಗಲ್ಲ, ಅರ್ಧ ಜಾಗ ಸಾಕು. ನೀವು ಹೇಳ್ತಿರೋದು ಕತ್ತರಿಸಿ ಕರವಸ್ತ್ರ ಮಾಡೋದು.”

ಮ್ಯಾನೇಜರ್ ನಕ್ಕರು. “ಆಯ್ತು, ಮಡಚಿ. ತಿಂಗಳ ಕೊನೆಗೆ ಅರ್ಧ ಕಪಾಟು ಖಾಲಿ ಆಗಿರ್ಬೇಕು.”

ಚಿತ್ರಗಳನ್ನು ಚೂರೂ ಕಳೆಯದೆ ಒತ್ತಿಡುವ ಕೆಲಸದಲ್ಲಿ ಕಂಪ್ಯೂಟರ್ ಹಗಲಿಡೀ ಗುಂಯ್‌ಗುಡುತ್ತಿತ್ತು. ಅವಳು ಕೂತಲ್ಲಿ ಕೂರಲಿಲ್ಲ. ಚಹಾ ಆರುತ್ತಿತ್ತು, ಊಟದ ಡಬ್ಬಿ ಅರ್ಧ ಉಳಿಯುತ್ತಿತ್ತು. ಎಲ್ಲ ಮುಗಿದಾಗ ಅಲ್ಲೊಂದು ಇಲ್ಲೊಂದು ಬಿಚ್ಚಿ ನೋಡಿದಳು; ಮೂಲದ ತದ್ರೂಪು. ದೊಡ್ಡ ಚಿತ್ರಗಳನ್ನು ಅಳಿಸಲು ಹೋದ ಕೈ ಮಾತ್ರ ಹಾಗೇ ನಿಂತಿತು. ಎದ್ದು ಮ್ಯಾನೇಜರ್ ಕೋಣೆಗೆ ಹೋದಳು.

“ಎಲ್ಲಾನೂ ಬಿಚ್ಚಿ ಹೋಲಿಸ್ತೀನಿ ಸರ್.”

“ಎಲ್ಲಾನೂ? ನಿಮಗೆ ನಿಮ್ಮ ಮೇಲೇ ನಂಬಿಕೆ ಇಲ್ವಾ?”

“ಇಲ್ಲ ಸರ್.”

ಅವರು ಹಣೆ ಚಚ್ಚಿಕೊಂಡು ಇನ್ನಷ್ಟು ಸಮಯ ಕೊಟ್ಟರು. ಒಂದು ಮಧ್ಯಾಹ್ನ ಪರದೆಯ ಮೇಲೆ, ಮೂಲಕ್ಕೆ ಹೊಂದುತ್ತಿಲ್ಲ ಎನ್ನುವ ಕೆಂಪು ಸಾಲು ಮೂಡಿತು. ದೋಣಿ ನಡೆಸುವ ಹೆಂಗಸೊಬ್ಬಳ ಸಿನಿಮಾ ಅದು. ಅವಳು ದಡ ಮುಟ್ಟುವ ದೃಶ್ಯದುದ್ದಕ್ಕೂ ಬಿಚ್ಚಿದ ಚಿತ್ರಗಳು ಬರೀ ಕಪ್ಪು. ಮಡಚುವಾಗ ಡಿಸ್ಕಿನಲ್ಲಿ ಜಾಗ ಮುಗಿದಿತ್ತು. ಕಂಪ್ಯೂಟರ್ ತುಟಿಪಿಟಕ್ಕೆನ್ನದೆ ಮುಂದೆ ಹೋಗಿತ್ತು. ಆ ರೀಲಾದರೋ ಸ್ಕ್ಯಾನ್ ಆದಮೇಲೆ ಅಂಟಿಕೊಂಡು ಇಟ್ಟಿಗೆಯಂತಾಗಿತ್ತು. ದೊಡ್ಡ ಚಿತ್ರಗಳನ್ನು ಅಳಿಸಿದ್ದರೆ ಆ ಹೆಂಗಸು ನಡುನೀರಿನಲ್ಲೇ ಉಳಿಯುತ್ತಿದ್ದಳು.

ಜಾಗವಿದ್ದ ಬೇರೆ ಡಿಸ್ಕಿನಲ್ಲಿ ಮತ್ತೆ ಮಡಚಿದಳು, ಮತ್ತೆ ಬಿಚ್ಚಿದಳು. ಈ ಸಲ ದೋಣಿ ದಡ ಸೇರಿತು. ಮ್ಯಾನೇಜರ್ ಅದನ್ನು ನೋಡಿ, “ಒಂದೇ ಪ್ರತಿ ಸಾಲದು, ಎರಡನೇದನ್ನ ಎಲ್ಲಿಡೋಣ ಮೇಡಂ?” ಎಂದು ತಾವೇ ಕೇಳಿದರು.

“ಬೇರೆ ಕಟ್ಟಡದಲ್ಲಿ ಸರ್. ಇಲ್ಲಿ ಬೆಂಕಿ ಬಿದ್ರೆ ಎರಡೂ ಹೋಗ್ಬಾರ್ದು.”

ಊರಾಚೆಯ ಕಟ್ಟಡವೊಂದರಲ್ಲಿ ತಣ್ಣನೆಯ ಕೋಣೆ ಸಿಕ್ಕಿತು. ಎರಡನೇ ಪ್ರತಿಗಳನ್ನು ಇಳಿಸಿದ ಕಂಪ್ಯೂಟರ್ ಟೇಪುಗಳ ಪೆಟ್ಟಿಗೆಯನ್ನು ಅವಳು ಯಾರ ಕೈಗೂ ಕೊಡಲಿಲ್ಲ. ಅವಳ ಗಂಡ ಬಸ್ ಡ್ರೈವರ್. ಅವನ ಹಿಂದಿನ ಸೀಟಿನಲ್ಲೇ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ರೀ, ನಿಧಾನ. ಮುಂದೆ ಹಂಪ್ ಇದೆ.”

“ದಿನಾ ಇದೇ ರಸ್ತೇಲಿ ಓಡಿಸೋನು ನಾನು ಕಣೇ,” ಎಂದರೂ ಅವನು ಬ್ರೇಕ್ ಒತ್ತಿದ. ಹಿಂದಿನಿಂದ ಯಾರೋ, “ಏನ್ರೀ, ಬಸ್ಸಾ, ಎತ್ತಿನ ಗಾಡೀನಾ?” ಎಂದು ಗೊಣಗಿದರು.

ಪೆಟ್ಟಿಗೆಯನ್ನು ಒಪ್ಪಿಸಿ ಅದೇ ಬಸ್ಸಿನಲ್ಲಿ ಮರಳುವಾಗ ಗಂಡ ಕೇಳಿದ: “ಈಗಾದ್ರೂ ಸಮಾಧಾನ ಆಯ್ತಾ?”

“ಟೇಪಿಗೂ ವಯಸ್ಸಾಗುತ್ತಲ್ಲ ರೀ. ಕೆಲವು ವರ್ಷಕ್ಕೊಮ್ಮೆ ಎಲ್ಲಾನೂ ಹೊಸದಕ್ಕೆ ಇಳಿಸ್ಬೇಕು.”

“ಆಗ್ಲೂ ನನ್ನ ಬಸ್ಸಲ್ಲೇ ಬಾ,” ಎಂದು ಅವನು ಗೇರ್ ಬದಲಿಸಿದ.