ಬುದ್ಧಿವಂತರ ಜಿಲ್ಲೆಯ ಡ್ರೈವರ್

ಇಲ್ಲಿ ಗಲ್ಫಿನಲ್ಲಿ, ಮನಾಮದ ಹೋಟೆಲಿನಿಂದ ಅವಾಲಿಗೆ ಕಂಪನಿಯ ಕಾರಿನಲ್ಲಿ ಒಬ್ಬ ಅಮೆರಿಕನ್ ಪ್ರೊಫೆಸರರನ್ನು ಕರೆದೊಯ್ಯುತ್ತಿದ್ದೆ. ಕಪ್ಪು ಜನಾಂಗದವರು. ತಮ್ಮ ದೇಶದ ಎಷ್ಟೋ ನಗರಗಳಲ್ಲಿ ಬಿಳಿಯರಿಗಿಂತ ತಮ್ಮವರಲ್ಲಿ ಡಿಗ್ರಿ ಮುಗಿಸಿದವರು ಕಡಿಮೆ, ತಮ್ಮ ಅಧ್ಯಯನವೇ ಅದರ ಮೇಲೆ ಎಂದರು.

ನನಗೆ ಮಂಗಳೂರಿನ ಅಭಿಮಾನ ಉಕ್ಕಿತು. "ನಮ್ಮದು ಬುದ್ಧಿವಂತರ ಜಿಲ್ಲೆ ಸರ್. ನಮ್ಮ ರೂಮಿನಲ್ಲಿ ಎಲ್ಲರಿಗೂ ಡಿಗ್ರಿ ಉಂಟು. ನನ್ನದು ಬಿ.ಕಾಂ., ಎಂಬಸಿಯಲ್ಲಿ ಅಟೆಸ್ಟ್ ಕೂಡ ಆಗಿದೆ."

"ಏನು ಕೆಲಸ ಮಾಡುತ್ತಾರೆ ಎಲ್ಲರೂ?"

"ಒಬ್ಬ ಮೀನಾ ಸಲ್ಮಾನ್ ಬಂದರಿನ ಗೋಡೌನಿನಲ್ಲಿದ್ದಾನೆ. ಉಳಿದವರು ನನ್ನ ಹಾಗೆ ಡ್ರೈವರ್."

"ನಿಮ್ಮ ಮ್ಯಾನೇಜರ್ ಏನು ಓದಿದ್ದಾರೆ?"

"ಅವರು ಬಿಳಿಯರು ಸರ್. ಅವರ ಡಿಗ್ರಿ ಯಾರು ಕೇಳುತ್ತಾರೆ?"

"ನಮ್ಮವರಿಗೆ ಡಿಗ್ರಿಯೊಂದು ಸಿಕ್ಕಿದರೆ ಸಾಕು ಅಂದುಕೊಂಡಿದ್ದೆ."

"ಸಾಕಾಗುವುದಿಲ್ಲ ಸರ್," ಅಂದೆ. "ಲೈಸೆನ್ಸೂ ಬೇಕು."