ಹೆಸರು ಮುಚ್ಚಿದ ಚಿತ್ರ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಸದಾ ಚಾಕ್‌ಪೀಸಿನ ಪುಡಿ ಕೂತಿರುತ್ತಿತ್ತು. ಶಹಾಪುರದ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದವರು ಅವರು. ಉತ್ತರಪತ್ರಿಕೆ ತಿದ್ದಲು ಕೂತರೆ ಮೊದಲು ಹೆಸರಿದ್ದ ಮೂಲೆಯನ್ನು ಒಳಕ್ಕೆ ಮಡಚುತ್ತಿದ್ದರು. "ಹೆಸರು ಕಂಡ್ರ ಕೈ ವಾಲ್ತದ" ಎನ್ನುತ್ತಿದ್ದರು. ಒಮ್ಮೆ ಅವರ ಸ್ವಂತ ತಂಗಿಯ ಮಗಳೇ ನಪಾಸಾದಳು. ಮನೆಯಲ್ಲಿ ತಿಂಗಳುಗಟ್ಟಲೆ ಮಾತಿರಲಿಲ್ಲವಂತೆ.

ಆಲ್ಝೈಮರ್ ಎಂಬ ಮರೆವಿನ ರೋಗವನ್ನು ಇಲಿಗಳಲ್ಲಿ ಅಭ್ಯಾಸ ಮಾಡುವುದು ಈಗ ನನ್ನ ಕೆಲಸ. ಮಂಪರು ಬರಿಸಿದ ಇಲಿಯನ್ನು ಬೆಚ್ಚಗೆ ಸುತ್ತಿ ಎಂಆರ್‌ಐ ಯಂತ್ರದೊಳಗೆ ಮಲಗಿಸಬೇಕು. ತಿಂಗಳು ತಿಂಗಳು ಅದೇ ಇಲಿಯ ಮೆದುಳಿನ ಚಿತ್ರ ತೆಗೆದು, ನೆನಪು ಕೂಡಿಡುವ ಭಾಗ ಎಷ್ಟು ಸೊರಗಿದೆ ಎಂದು ಅಳೆಯಬೇಕು. ರೋಗದ ಇಲಿ ಯಾವುದು, ಗಟ್ಟಿ ಇಲಿ ಯಾವುದು ಎಂದು ಅಳೆಯುವವರಿಗೆ ಗೊತ್ತಿರಬಾರದು. ವರ್ಷಗಟ್ಟಲೆ ಇದನ್ನೇ ಮಾಡಿ ಕಣ್ಣು ದಣಿದಿದೆ; ಔಷಧವಂತೂ ಸಿಕ್ಕಿಲ್ಲ.

ಊರಿಗೆ ಹೋದಾಗ ಇದನ್ನೆಲ್ಲ ಹೇಳಿದರೆ ಅಕ್ಕೋರು ನಗುತ್ತಿದ್ದರು. "ಕಾಲುವಿ ಬಂದು ನೆಲ್ಲು ಹಚ್ಚಿದ ಮ್ಯಾಲ ಇಲ್ಲಿ ಮಂದಿ ಇಲಿ ಕಾಟಕ್ಕ ಸಾಕಾಗ್ಯಾರ. ನೀ ಅವಕ್ಕ ಬೆಚ್ಚಗ ಹೊದಿಸಿ ಮಲಗಸಾಕತ್ತಿ!" ಗುರುತು ಮುಚ್ಚಿ ಅಳೆಯುವ ಪದ್ಧತಿ ಮಾತ್ರ ಅವರಿಗೆ ಬಹಳ ಹಿಡಿಸಿತ್ತು.

ನಿವೃತ್ತಿಯ ಮೇಲೆ ಅವರು ದಿನಾ ಸಂಜೆ ಕಾಲುವೆ ದಂಡೆ ಹಿಡಿದು ಅಡ್ಡಾಡುತ್ತಿದ್ದರು. ಒಂದು ಸಂಜೆ ತಿರುಗಿ ಬರುವ ದಿಕ್ಕು ತಿಳಿಯದೆ ಸುರಪುರದ ಕಡೆ ನಡೆದುಬಿಟ್ಟರು. ಕಾಲುವೆ ಗೇಟು ಕಾಯುವವನು ಗುರುತು ಹಿಡಿದು ಮನೆ ಮುಟ್ಟಿಸಿದ. ಕಲಬುರಗಿಯಲ್ಲಿ ಎಂಆರ್‌ಐ ಆಯಿತು. ಅದೇ ಮರೆವಿನ ರೋಗವೆಂದು ಡಾಕ್ಟರು ತಂಗಿಗೆ ಹೇಳಿದರು, ಅಕ್ಕೋರಿಗೆ ಹೇಳಲಿಲ್ಲ.

ನಾನು ಹೋದಾಗ ಅಕ್ಕೋರು ಆ ಫಿಲ್ಮನ್ನು ಕೈಗಿಟ್ಟರು. ಕಿಟಕಿಯ ಬೆಳಕಿಗೆ ಹಿಡಿದೆ. ಇಲಿಗಳಲ್ಲಿ ದಿನಾ ಕಾಣುವುದೇ ಅಲ್ಲಿತ್ತು.

"ವಯಸ್ಸಾಗ್ಯದಲ್ರಿ, ಅಷ್ಟ" ಎಂದೆ.

ಅವರು ಮೂಲೆಯಲ್ಲಿದ್ದ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದರು. "ಈಗ ಓದು. ಯಾರ್ದರ ಇರ್ಲಿ."

ಓದಿ ಹೇಳಿದೆ.

"ನಿನ್ನ ಇಲಿಗಿ ಔಷಧ ಸಿಕ್ಕದೇನು?"

"ಇನ್ನೂ ಇಲ್ರಿ."

"ಆತು ಬಿಡು. ಖರೇ ಹೇಳ್ದಿ, ಅಷ್ಟ ಸಾಕು."

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಸಲ ಹೋದಾಗ ಅದೇ ಫಿಲ್ಮು, ಅದೇ ಪ್ರಶ್ನೆ. ನಾನು ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಅವರಿಗೆ ನಿಜವೇ ಬೇಕೆಂದು ಮತ್ತೆ ನಿಜ ಹೇಳಿದೆ. ಹೊಸದಾಗಿ ಕೇಳಿದವರಂತೆ ಗೋಡೆಗೆ ಒರಗಿ ಕೂತರು. ಮೂರನೇ ಸಲ ಅತ್ತರು. ಅಕ್ಕೋರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವರ ತಂಗಿ ಬಾಗಿಲ ತನಕ ಬಂದು, "ಯವ್ವಾ, ನೀ ಹೋದ ಮ್ಯಾಲ ಎರಡು ದಿನ ಊಟ ಬಿಡ್ತಾಳ. ಯಾಕ ಅಂತ ಆಕಿಗೇ ಗೊತ್ತಿರಂಗಿಲ್ಲ" ಎಂದರು.

ನಾಲ್ಕನೇ ಸಲ "ಎಲ್ಲಾ ಛಲೋ ಅದ್ರಿ ಅಕ್ಕೋರೆ" ಎಂದುಬಿಟ್ಟೆ.

ಅವರ ಮುಖ ಅರಳಿತು. "ಖರೇನ? ಬಾಳ ಅಂಜಿದ್ದೆ ನೋಡು" ಎಂದು ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಎರಡು ರೊಟ್ಟಿ ಉಂಡರು.

ಆ ವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಇಂದಿಗೂ ನಾನು ಇಲಿಗಳ ಚಿತ್ರ ಓದುತ್ತೇನೆ, ಕಂಡದ್ದನ್ನೇ ಬರೆಯುತ್ತೇನೆ. ಅದು ಅವರ ಋಣ. ಕೊನೆಗೆ ಹೇಳಿದ ಆ ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ. ಎರಡನೇ ಸಲ, ಮೂರನೇ ಸಲ ಹೇಳಿದ ನಿಜಕ್ಕೆ ಇದೆ.